ಹೂಳೆತ್ತಿದವರ ಕಂಪೈಲರ್

ತುಂಗಭದ್ರಾ ಜಲಾಶಯದಿಂದ ನದಿಗೆ 40,000 ಕ್ಯುಸೆಕ್ ನೀರು ಬಿಟ್ಟ ಒಂದು ಮಳೆಗಾಲದ ದಿನ. ಹೊಸಪೇಟೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತಿದ್ದ ಕಂಪ್ಲಿಯ ಹುಡುಗನೊಬ್ಬ ಅದೇ ಸಂಖ್ಯೆಯನ್ನು ತನ್ನ ಸಿ ಪ್ರೋಗ್ರಾಮಿಗೆ ಕೊಟ್ಟು ಓಡಿಸಿದ. ನೀಲಿ ಪರದೆಯ ಮೇಲೆ ಬಂದ ಉತ್ತರ ಮೈನಸ್ 25,536. ಅವನು ಪ್ರೋಗ್ರಾಮನ್ನು ಮೂರು ಸಲ ತಿದ್ದಿದ, ಮೂರು ಸಲವೂ ಅದೇ ಉತ್ತರ. ಅವರಪ್ಪನ ಗದ್ದೆಗೆ ನೀರು ಬರುವುದು ಇದೇ ನದಿಯಿಂದ. ಅದು ಸೊನ್ನೆಗಿಂತ ಕೆಳಗೆ ಹರಿಯುವುದು ಹೇಗೆಂದು ಅವನಿಗೆ ಅರ್ಥವಾಗಲಿಲ್ಲ.

ತಪ್ಪು ಹುಡುಗನದ್ದಾಗಿರಲಿಲ್ಲ. ಆ ಯಂತ್ರದಲ್ಲಿದ್ದದ್ದು ಟರ್ಬೊ ಸಿ ಎಂಬ ಹಳೆಯ ಕಂಪೈಲರ್. ಅದರಲ್ಲಿ ಪೂರ್ಣಾಂಕಕ್ಕೆ ಕೊಡುವ ಜಾಗ 2 ಬೈಟು. ಅಷ್ಟರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32,767. ಅದನ್ನು ದಾಟಿದರೆ ಗಡಿಯಾರದ ಮುಳ್ಳಿನ ಹಾಗೆ ಸುತ್ತು ತಿರುಗಿ ಋಣ ಸಂಖ್ಯೆಗಳ ಕಡೆಯಿಂದ ಬರುತ್ತದೆ: 40,000ರಲ್ಲಿ 65,536 ಕಳೆದರೆ ಮೈನಸ್ 25,536. ಆ ಲ್ಯಾಬಿನಲ್ಲಿ ಪಾಠ ಮಾಡುವ ನಾನು, ಮೂಲೆಯಲ್ಲಿದ್ದ ಲಿನಕ್ಸ್ ಯಂತ್ರಕ್ಕೆ ಅವನನ್ನು ಕರೆದುಕೊಂಡು ಹೋಗಿ, ಆ ಪ್ರೋಗ್ರಾಮನ್ನೇ ಜಿಸಿಸಿ ಎಂಬ ಇನ್ನೊಂದು ಕಂಪೈಲರ್‌ನಲ್ಲಿ ಓಡಿಸಿದೆ. ಪೂರ್ಣಾಂಕಕ್ಕೆ ಅಲ್ಲಿ 4 ಬೈಟು. ಉತ್ತರ 40,000 ಎಂದೇ ಬಂತು.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಮನುಷ್ಯ ಓದಿ ತಿಳಿಯುವಂತೆ ಬರೆದ ಆದೇಶಗಳನ್ನು ಯಂತ್ರದ ಚಿಪ್ಪಿಗೆ ತಿಳಿಯುವ ಸೂಚನೆಗಳಾಗಿ ಮಾಡಿಕೊಡುವ ತಂತ್ರಾಂಶವೇ ಕಂಪೈಲರ್. ಬೇರೆ ಬಹುತೇಕ ಎಲ್ಲ ತಂತ್ರಾಂಶಗಳೂ ಅದರ ಕೈಯಿಂದಲೇ ಹಾದು ಬರಬೇಕು. ನಿಮ್ಮ ಮೊಬೈಲಿನೊಳಗಿನ ಅತ್ಯಂತ ಕೆಳಗಿನ ಪದರವೂ ಒಂದಲ್ಲ ಒಂದು ಕಂಪೈಲರ್‌ನಿಂದ ಹೊರಬಂದದ್ದೇ. ಹೊಲಕ್ಕೆ ಕಾಲುವೆ ಹೇಗೋ ಕಂಪ್ಯೂಟರಿಗೆ ಕಂಪೈಲರ್ ಹಾಗೆ. ಪೈರನ್ನು ಎಲ್ಲರೂ ನೋಡುತ್ತಾರೆ, ಕಾಲುವೆ ನೆನಪಾಗುವುದು ನೀರು ನಿಂತ ದಿನ.

ಆ ಲ್ಯಾಬಿನಲ್ಲಿದ್ದ ಎರಡು ಕಂಪೈಲರ್‌ಗಳೂ ಒಂದೇ ತಿಂಗಳಲ್ಲಿ ಹುಟ್ಟಿದವು. ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ ಮೊದಲ ಆವೃತ್ತಿ ಮಾರುಕಟ್ಟೆಗೆ ಬಂದದ್ದು 1987ರ ಮೇ ತಿಂಗಳಲ್ಲಿ. ಜಿಸಿಸಿಯ ಪ್ರಾಯೋಗಿಕ ಬಿಡುಗಡೆ ಅದೇ ವರ್ಷದ ಮಾರ್ಚ್ 22ರಂದು, 1.0 ಆವೃತ್ತಿ ಮೇ 23ರಂದು. ಒಂದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಅದರ ಮೂಲ ಸಂಕೇತ ಕಂಪನಿಯ ಬೀರುವಿನಲ್ಲಿತ್ತು. ಇನ್ನೊಂದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು, ತಿದ್ದಿದ್ದನ್ನು ಹಂಚಬಹುದಿತ್ತು. ಹುಟ್ಟಿದಾಗ ವೇಗದಲ್ಲೂ ಅಚ್ಚುಕಟ್ಟಿನಲ್ಲೂ ಟರ್ಬೊ ಸಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಬರೆಯುವ ಜಾಗ, ಕಂಪೈಲ್ ಮಾಡುವ ಗುಂಡಿ, ತಪ್ಪು ತೋರಿಸುವ ಕಿಟಕಿ ಎಲ್ಲ ಒಂದೇ ಪರದೆಯಲ್ಲಿ. ಸಣ್ಣ ಊರುಗಳ ಸಾವಿರಾರು ಹುಡುಗರು ಸಿ ಕಲಿತದ್ದು ಅದರಲ್ಲೇ, ನಾನೂ ಅವರಲ್ಲಿ ಒಬ್ಬ. ಆ ಋಣವನ್ನು ಮರೆತು ಮಾತಾಡಲಾರೆ.

ಆದರೆ ಟರ್ಬೊ ಸಿ++ 3.0 ಬಂದದ್ದು 1990ರ ದಶಕದ ಆರಂಭದಲ್ಲಿ. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಿದ್ಧವಾದದ್ದು 1998ರಲ್ಲಿ. ಅಷ್ಟರಲ್ಲಿ ಆ ನೀಲಿ ಪರದೆಯ ಮೇಲೆ ಕೆಲಸ ಮಾಡುವವರು ಯಾರೂ ಉಳಿದಿರಲಿಲ್ಲ, ಕಂಪನಿ ಬೇರೆ ಸರಕಿನ ಕಡೆ ಹೊರಳಿತ್ತು. ಡಾಸ್ ಹೋಗಿ ವಿಂಡೋಸ್ ಬಂತು, 16 ಬಿಟ್ ಹೋಗಿ 32, ಆಮೇಲೆ 64 ಬಂತು. ನಮ್ಮ ಲ್ಯಾಬುಗಳಲ್ಲಿ ಮಾತ್ರ ಡಾಸ್‌ಬಾಕ್ಸ್ ಎಂಬ ಅಣಕು ಡಾಸಿನೊಳಗೆ ಟರ್ಬೊ ಸಿಯನ್ನು ಕೂಡಿಸಿ, ಪರದೆ ಅಳಿಸುವ ಆದೇಶವನ್ನು ಮೊದಲ ಸಾಲಿನಲ್ಲೇ ಬರೆಸಿ, ಪರೀಕ್ಷೆ ನಡೆಸುತ್ತಲೇ ಇದ್ದೆವು.

ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ನಾಲೆಗಳನ್ನು ನೋಡಿರುತ್ತೀರಿ. ಸಾಲಾಗಿ ಕಂಬ ನಿಲ್ಲಿಸಿ, ಉದ್ದ ಕಲ್ಲುಗಳನ್ನು ದೋಣಿಯ ಹಾಗೆ ಕೊರೆದು ಜೋಡಿಸಿ, ಮೆಟ್ಟಿಲು ಪುಷ್ಕರಣಿಯ ತನಕ ನೀರು ತಂದ ಕೆಲಸ ಅದು. ಆ ಕಲ್ಲಿನಲ್ಲಿ ಕೈಯಾಡಿಸಿದರೆ ಈಗ ಸಿಗುವುದು ಬಿಸಿ ಧೂಳು. ಅಲ್ಲಿಂದ ವಿರೂಪಾಕ್ಷನ ಗುಡಿಯ ಕಡೆಗೆ ನಡೆದರೆ ಬಾಳೆತೋಟಗಳ ನಡುವೆ ತುರ್ತು ಎಂಬ ಹೆಸರಿನ ಕಾಲುವೆ ಹರಿಯುತ್ತಿರುತ್ತದೆ. ಅದೂ ವಿಜಯನಗರದ ಕಾಲದ್ದೇ. ಒಂದೇ ರಾಜ್ಯ, ಒಂದೇ ಕಲ್ಲು, ಒಂದೇ ನದಿಯ ನೀರು. 1565ರಲ್ಲಿ ರಾಜಧಾನಿ ಹಾಳಾದ ನಂತರ ಅರಮನೆಯ ನಾಲೆಗೆ ದಿಕ್ಕಿರಲಿಲ್ಲ. ಕಾಲುವೆಗೆ ರೈತರಿದ್ದರು. ವರ್ಷಕ್ಕೊಮ್ಮೆ ಬಂದ್ ಮಾಡಿ ಹೂಳೆತ್ತಿದರು, ಒಡೆದ ಕಡೆ ಕಟ್ಟೆ ಹಾಕಿದರು, ನೀರಗಂಟಿ ತೂಬಿನ ಹಲಗೆ ಬದಲಿಸಿದ. ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಹಳೆಯ ಮೂಲಗಳು 20ನೇ ಶತಮಾನದ ನಡುವೆ ಜಲಾಶಯದ ಅಡಿಯಲ್ಲಿ ಮುಳುಗಿದಾಗಲೂ ಕಾಲುವೆಗಳು ಸಾಯಲಿಲ್ಲ. ಅವಕ್ಕೆ ಜಲಾಶಯದಿಂದಲೇ ನೀರು ಕೊಟ್ಟರು. ಮೂಲ ಬದಲಾಯಿತು, ಹರಿವು ಮುಂದುವರಿಯಿತು. ಜಿಸಿಸಿಯ ಚರಿತ್ರೆಯನ್ನು ಓದುವಾಗೆಲ್ಲ ನನಗೆ ಈ ಕಾಲುವೆ ನೆನಪಾಗುತ್ತದೆ.

ರಿಚರ್ಡ್ ಸ್ಟಾಲ್ಮನ್ ಅಮೆರಿಕದ ಎಂಐಟಿಯಲ್ಲಿದ್ದವರು. ಎಲ್ಲರೂ ಮುಕ್ತವಾಗಿ ಬಳಸಬಹುದಾದ, ತಿದ್ದಬಹುದಾದ ಇಡೀ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತೇನೆ ಎಂದು 1983ರ ಸೆಪ್ಟೆಂಬರ್‌ನಲ್ಲಿ ಸಾರಿದರು. ಅದರ ಹೆಸರು ಗ್ನೂ. ಕಟ್ಟಲು ಮೊದಲು ಕಂಪೈಲರ್ ಬೇಕು. ನೆದರ್‌ಲ್ಯಾಂಡ್ಸ್‌ನ ಫ್ರೀ ಯೂನಿವರ್ಸಿಟಿಯಲ್ಲಿ ಒಂದು ಕಂಪೈಲರ್ ಕಿಟ್ ಇದೆ ಎಂದು ತಿಳಿದು, ಅದನ್ನು ಬಳಸಬಹುದೇ ಎಂದು ಕೇಳಿದರು. ಫ್ರೀ ಎನ್ನುವುದು ವಿಶ್ವವಿದ್ಯಾಲಯಕ್ಕೆ ಮಾತ್ರ, ಕಂಪೈಲರ್‌ಗೆ ಅನ್ವಯಿಸದು ಎಂಬ ಅರ್ಥದ ಉತ್ತರ ಬಂತು. ಆಮೇಲೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಪ್ಯಾಸ್ಟಲ್ ಎಂಬ ಕಂಪೈಲರ್ ಕೈಗೆ ಸಿಕ್ಕಿತು. ಅದು ಇಡೀ ಪ್ರೋಗ್ರಾಮನ್ನು ಒಮ್ಮೆಗೇ ನೆನಪಿಗೆ ತುಂಬಿಕೊಂಡು, ಎಲ್ಲಿಯೂ ಜಾಗ ಖಾಲಿ ಮಾಡದೆ ಕೆಲಸ ಮುಗಿಸುವಂಥದ್ದು. ಸ್ಟಾಲ್ಮನ್ ಅವರ ಯುನಿಕ್ಸ್ ಯಂತ್ರದಲ್ಲಿ ಅದಕ್ಕೆ ದಕ್ಕುತ್ತಿದ್ದ ಸ್ಟ್ಯಾಕ್ ಜಾಗ 64 ಕಿಲೋಬೈಟು ಮಾತ್ರ. ಬೇರೆ ದಾರಿ ಕಾಣದೆ ಮೊದಲಿನಿಂದ ತಾವೇ ಬರೆಯಲು ಕುಳಿತರು. ಅದರ ಫಲ 1987ರ ಜಿಸಿಸಿ.

ಅದೇ ವರ್ಷ ಮೈಕೆಲ್ ಟೀಮನ್ ಅದಕ್ಕೆ ಸಿ++ ಭಾಷೆ ಕಲಿಸಿದರು. ಎರಡು ವರ್ಷದ ಮೇಲೆ, 1989ರಲ್ಲಿ, ಟೀಮನ್ ಮತ್ತು ಇಬ್ಬರು ಗೆಳೆಯರು ಸೇರಿ ಸಿಗ್ನಸ್ ಎಂಬ ಕಂಪನಿ ತೆರೆದರು. ಯಾರಿಗೂ ದುಡ್ಡಿಲ್ಲದೆ ಸಿಗುವ ತಂತ್ರಾಂಶದ ದುರಸ್ತಿ ಮಾಡಿಕೊಟ್ಟು ಸಂಪಾದಿಸುವುದು ಅದರ ವ್ಯವಹಾರ. ಹೊಸ ಚಿಪ್ಪು ಮಾಡಿದವರು ಬಂದು, ನಮ್ಮ ಚಿಪ್ಪಿಗೂ ಜಿಸಿಸಿ ಸಿದ್ಧಪಡಿಸಿ ಕೊಡಿ ಎಂದು ಕೇಳುತ್ತಿದ್ದರು. ಇವರು ಮಾಡಿಕೊಡುತ್ತಿದ್ದರು, ಮಾಡಿದ್ದು ಎಲ್ಲರದ್ದೂ ಆಗುತ್ತಿತ್ತು. ನಿರ್ವಹಣೆಯೂ ಒಂದು ಕಸುಬು, ಅದಕ್ಕೂ ಕೂಲಿ ಸಲ್ಲಬೇಕು ಎಂಬುದನ್ನು ತೋರಿಸಿಕೊಟ್ಟದ್ದು ಈ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಕೈಯಲ್ಲಿದ್ದದ್ದೂ ಜಿಸಿಸಿಯೇ.

ಆಮೇಲೆ ಕಾಲುವೆಯಲ್ಲಿ ಹೂಳು ತುಂಬಿತು.

1990ರ ದಶಕದ ನಡುವಿನ ಹೊತ್ತಿಗೆ ಜಿಸಿಸಿಯ ಅಧಿಕೃತ ಪ್ರತಿಯೊಳಗೆ ತಿದ್ದುಪಡಿ ಹಾಕುವ ಅಧಿಕಾರ ಕೆಲವೇ ಕೈಗಳಲ್ಲಿತ್ತು. ಹೊರಗಿನವರು ಕಳಿಸಿದ ತಿದ್ದುಪಡಿಗಳು ವರ್ಷಗಟ್ಟಲೆ ಕಾಯುತ್ತಿದ್ದವು. ಕಾವಲಿದ್ದವರದ್ದೂ ನ್ಯಾಯವಾದ ಚಿಂತೆಯೇ: ಗ್ನೂ ಯೋಜನೆಯ ಅಡಿಪಾಯ ಇದು, ಅಲುಗಾಡಬಾರದು. ಹೊರಗಿನವರದ್ದೂ ನ್ಯಾಯವೇ: ಪೆಂಟಿಯಂ ಚಿಪ್ಪಿಗೆಂದು ಒಂದು ಗುಂಪು, ಫೋರ್ಟ್ರಾನ್ ಭಾಷೆಗೆಂದು ಇನ್ನೊಂದು ಗುಂಪು, ಲಿನಕ್ಸ್‌ನವರು ಮತ್ತೊಂದು ಕಡೆ, ಎಲ್ಲರೂ ತಂತಮ್ಮ ಪ್ರತಿಯನ್ನು ಬೇರೆ ಬೇರೆ ತಿದ್ದಿಕೊಂಡು ಅದನ್ನು ಒಗ್ಗೂಡಿಸಲಾಗದೆ ಒದ್ದಾಡುತ್ತಿದ್ದರು. 1997ರ ಆಗಸ್ಟ್‌ನಲ್ಲಿ ಅವರಲ್ಲಿ ಹಲವರು ಕೂಡಿ ಜಿಸಿಸಿಯಿಂದ ಒಂದು ಕವಲು ತೆಗೆದರು. ಅದರ ಹೆಸರು ಇಜಿಸಿಎಸ್.

ಕವಲು ತೆಗೆಯುವುದು ಎಂದರೇನೆಂದು ನಮ್ಮ ಕಡೆಯ ರೈತರಿಗೆ ವಿವರಿಸಬೇಕಾಗಿಲ್ಲ. ಮೇಲಿನ ತೂಬು ಬಿಡದಿದ್ದರೆ ಕೆಳಗಿನವರು ಪಕ್ಕದಲ್ಲಿ ತೋಡಿಕೊಳ್ಳುತ್ತಾರೆ. ಆದರೆ ಕಾಲುವೆಯಲ್ಲಿ ಹಾಗೆ ತೋಡಿದರೆ ನೀರು ಹಂಚಿಹೋಗಿ ಇಬ್ಬರಿಗೂ ಸಾಲದು. ಮುಕ್ತ ತಂತ್ರಾಂಶದಲ್ಲಿ ಹಂಚಿಹೋಗುವುದು ಜನ. ಓದಿ ಪರಿಶೀಲಿಸುವ ಕಣ್ಣುಗಳು ಎರಡು ಕಡೆ ಹರಿದುಹೋದರೆ ಎರಡೂ ಸೊರಗುತ್ತವೆ. ಹೀಗಾಗಿ ಕವಲಿನ ನಂತರದ ಎರಡು ವರ್ಷ ಆತಂಕದ್ದೇ. 1997ರ ಬೇಸಿಗೆಯಲ್ಲೇ ಎರಿಕ್ ರೇಮಂಡ್ ಗುಡಿ ಮತ್ತು ಬಜಾರ್ ಎಂಬ ಎರಡು ರೂಪಕಗಳನ್ನಿಟ್ಟು ತಮ್ಮ ಹೆಸರಾಂತ ಪ್ರಬಂಧವನ್ನು ಮಂಡಿಸಿದ್ದರು: ತಂತ್ರಾಂಶವನ್ನು ಕೆಲವರು ಮರೆಯಲ್ಲಿ ಕುಳಿತು ಗುಡಿಯಂತೆ ಕಟ್ಟುತ್ತಾರೆ, ಕೆಲವರು ಬಯಲಿನಲ್ಲಿ ಬಜಾರಿನಂತೆ ನಡೆಸುತ್ತಾರೆ ಎಂದು. ಹಂಪಿಯಲ್ಲಿ ಬೆಳೆದವನಿಗೆ ಈ ಎರಡನ್ನೂ ಎದುರಾಳಿಗಳಂತೆ ಕಾಣುವುದು ಕಷ್ಟ. ವಿರೂಪಾಕ್ಷನ ಗೋಪುರದ ಬುಡದಿಂದಲೇ ಬಜಾರಿನ ಕಲ್ಲು ಮಂಟಪಗಳ ಸಾಲು ಶುರುವಾಗುತ್ತದೆ, ಒಂದಿಲ್ಲದೆ ಇನ್ನೊಂದು ಬಾಳಿದ್ದಿಲ್ಲ.

ಜಿಸಿಸಿಯಲ್ಲೂ ಕೊನೆಗೆ ಆದದ್ದು ಹಾಗೆಯೇ. ಇಜಿಸಿಎಸ್‌ನಲ್ಲಿ ಕೆಲಸ ಚುರುಕಾಗಿ ನಡೆಯಿತು. 1999ರ ಏಪ್ರಿಲ್‌ನಲ್ಲಿ ಸ್ಟಾಲ್ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆ ಕವಲನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡಿತು. ಹಳೆಯ ಹಾದಿ ಮುಚ್ಚಿತು, ಕವಲೇ ಮುಖ್ಯ ಕಾಲುವೆ ಆಯಿತು. ಜುಲೈ 31ಕ್ಕೆ 2.95 ಆವೃತ್ತಿ ಹೊರಬಂತು. ಬೇರೆ ಬೇರೆ ಕಡೆಯವರು ಕೂಡಿದ ಚಾಲನಾ ಸಮಿತಿಯೊಂದು ಉಸ್ತುವಾರಿಗೆ ಬಂತು. ಸಿ ಒಂದಕ್ಕೇ ಸೀಮಿತವಲ್ಲ ಎಂದು ತೋರಿಸಲು ಹೆಸರಿನ ವಿಸ್ತರಣೆಯನ್ನೂ ಬದಲಿಸಿ ಗ್ನೂ ಕಂಪೈಲರ್ ಕಲೆಕ್ಷನ್ ಎಂದರು. ಜಗಳವಾಡಿ ಬೇರೆಯಾದವರು ಹೀಗೆ ಮತ್ತೆ ಒಂದೇ ಒಲೆಗೆ ಬಂದದ್ದು ತಂತ್ರಾಂಶದ ಚರಿತ್ರೆಯಲ್ಲಿ ಅಪರೂಪ. ಕಂಪೈಲರ್ ಬದುಕಿದ್ದು ಆ ಏಪ್ರಿಲ್‌ನಲ್ಲಿ ಎಂದು ನಾನು ನಂಬಿದ್ದೇನೆ. 1987ರಲ್ಲಿ ಹುಟ್ಟಿದ್ದಷ್ಟೆ.

ಮುಂದಿನದ್ದು ಕಟ್ಟುವವರ ಕಥೆಗಿಂತ ಹೆಚ್ಚಾಗಿ ದುರಸ್ತಿಯವರ ಕಥೆ. ಜಿಸಿಸಿಯ ವರ್ಷಕ್ಕೆ ಅದರದ್ದೇ ಋತುಮಾನ ಇದೆ. ಮೊದಲ ಘಟ್ಟದಲ್ಲಿ ಹೊಸ ಸೌಲಭ್ಯ ಸೇರಿಸಬಹುದು. ಮೂರನೆಯ ಘಟ್ಟ ಬಂದರೆ ದೋಷಗಳ ದುರಸ್ತಿ ಮಾತ್ರ. ನಾಲ್ಕನೆಯದರಲ್ಲಿ, ಹಿಂದೆ ಸರಿಯಾಗಿದ್ದು ಈಗ ಕೆಟ್ಟಿದೆ ಎನ್ನುವಂಥದ್ದನ್ನು ಮತ್ತು ಕೈಪಿಡಿಯನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವಂತಿಲ್ಲ. ಅತಿ ಗಂಭೀರ ಎಂದು ಗುರುತು ಹಾಕಿದ ಅಂಥ ದೋಷಗಳ ಎಣಿಕೆ ಸೊನ್ನೆಗೆ ಇಳಿದಾಗ ಬಿಡುಗಡೆ, ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ದೋಷವೊಂದನ್ನು ಸರಿಪಡಿಸಿದವರು ಅದೇ ದೋಷ ಮತ್ತೆ ಬಂದರೆ ಕೂಗಿ ಹೇಳುವ ಒಂದು ಪುಟ್ಟ ಪರೀಕ್ಷಾ ಕಡತವನ್ನೂ ಜೊತೆಗೆ ಇಟ್ಟುಹೋಗುವುದು ರೂಢಿ. ಅಂಥ ಕಡತಗಳು ವರ್ಷದಿಂದ ವರ್ಷಕ್ಕೆ ರಾಶಿಯಾಗಿವೆ. ಹೊಸ ತಿದ್ದುಪಡಿ ಯಾವುದೇ ಇರಲಿ, ಅವನ್ನೆಲ್ಲ ದಾಟಿ ಬರಬೇಕು.

ಕೆಲವು ದೋಷಗಳಿಗೆ ಬಹಳ ಆಯುಸ್ಸು. 2000ದಲ್ಲಿ ದಾಖಲಾದ 323ನೇ ದೋಷವನ್ನು ಈ ಕಸುಬಿನವರೆಲ್ಲ ಬಲ್ಲರು. ಹಳೆಯ ಇಂಟೆಲ್ ಚಿಪ್ಪು ದಶಮಾಂಶ ಲೆಕ್ಕವನ್ನು ಒಳಗೆ ಹೆಚ್ಚು ನಿಖರವಾಗಿ ಮಾಡಿ, ಹೊರಗೆ ಬರೆದಿಡುವಾಗ ಕತ್ತರಿಸುತ್ತಿತ್ತು. ಅದರಿಂದ ಎರಡು ಸಮಾನ ಸಂಖ್ಯೆಗಳು ಸಮಾನವಲ್ಲ ಎಂದು ಉತ್ತರ ಬರುವುದಿತ್ತು. ತಪ್ಪು ಚಿಪ್ಪಿನದೋ ಕಂಪೈಲರ್‌ನದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸಿ ಭಾಷೆಗೆ ಸರಿಯಾದ ಆಯ್ಕೆ 2010ರಲ್ಲಿ 4.5 ಆವೃತ್ತಿಯಲ್ಲಿ ಬಂತು, ಸಿ++ಗೆ 2023ರಲ್ಲಿ 13ನೇ ಆವೃತ್ತಿಯಲ್ಲಿ. ಆ ಹೊತ್ತಿಗೆ ದೋಷ ದಾಖಲಾಗಿ ಎರಡು ದಶಕ ದಾಟಿತ್ತು. ಯಾರೋ ಒಬ್ಬರು ಆ ಕಡತವನ್ನು ಮುಚ್ಚಿ ಮರೆಯಲಿಲ್ಲವಲ್ಲ, ಅದು ನನ್ನನ್ನು ಮುಟ್ಟುತ್ತದೆ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ವಾರ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಜಲಾಶಯ ಬರಿದು ಮಾಡಿ ದುರಸ್ತಿಗೆ ಇಳಿದರೆ ಎರಡನೆಯ ಬೆಳೆ ಹೋಯಿತು. ಹಾಗೆ ಬಿಟ್ಟರೂ ಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ತಡೆಹಲಗೆಗಳನ್ನು ಕ್ರೇನಿನಿಂದ ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಮೊದಲ ಹಲಗೆ ಕೂತ ದಿನ ಊರಿಗೆ ಊರೇ ಉಸಿರು ಬಿಟ್ಟಿತು.

ಹರಿಯುವ ನೀರಿನಲ್ಲಿ ನಡೆಯುವ ದುರಸ್ತಿ ಎಂದರೆ ಅದು. ಕಂಪೈಲರ್ ಕೆಲಸ ಯಾವತ್ತೂ ಇದೇ ಬಗೆಯದ್ದು, ಜಗತ್ತು ಅದನ್ನು ಬಳಸುತ್ತಿರುವಾಗಲೇ ಕಂಬ ಬದಲಿಸಬೇಕು. 2005ರ ಏಪ್ರಿಲ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಪ್ರೋಗ್ರಾಮನ್ನು ಚುರುಕುಗೊಳಿಸುವ ಒಳಗಿನ ಯಂತ್ರಾಂಗವನ್ನೇ ಹೊಸದಾಗಿ ಕೂಡಿಸಿದರು. ಇನ್ನೊಂದು ಅದಕ್ಕಿಂತ ದೊಡ್ಡದು. ಜಿಸಿಸಿಯನ್ನು ಬರೆದದ್ದು ಸಿ ಭಾಷೆಯಲ್ಲಿ. 2013ರ 4.8 ಆವೃತ್ತಿಯ ಹೊತ್ತಿಗೆ ಅದನ್ನು ಸಿ++ಗೆ ದಾಟಿಸಿದರು, ವಾರ್ಷಿಕ ಬಿಡುಗಡೆ ನಿಲ್ಲಿಸದೆ.

ಕಂಪೈಲರನ್ನು ಕಂಪೈಲ್ ಮಾಡುವವರು ಯಾರು ಎಂದು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಯಂತ್ರದಲ್ಲಿ ಮೊದಲೇ ಇರುವ ಯಾವುದಾದರೂ ಕಂಪೈಲರ್‌ನಿಂದ ಹೊಸ ಜಿಸಿಸಿಯನ್ನು ಒಮ್ಮೆ ಕಟ್ಟುತ್ತಾರೆ. ಹಾಗೆ ಕಟ್ಟಿದ ಜಿಸಿಸಿಯಿಂದ ಅದೇ ಮೂಲ ಸಂಕೇತವನ್ನು ಎರಡನೆಯ ಸಲ ಕಟ್ಟುತ್ತಾರೆ. ಆ ಎರಡನೆಯದರಿಂದ ಮೂರನೆಯ ಸಲ. ಎರಡನೆಯ ಮತ್ತು ಮೂರನೆಯ ಕಟ್ಟಡದ ಕಡತಗಳನ್ನು ಬೈಟು ಬೈಟಾಗಿ ಹೋಲಿಸುತ್ತಾರೆ. ಒಂದು ಬೈಟು ವ್ಯತ್ಯಾಸ ಬಂದರೂ ಎಲ್ಲೋ ತಪ್ಪಿದೆ ಎಂದೇ ಅರ್ಥ. ಒಮ್ಮೆ ರಜೆಯಲ್ಲಿ ಹುಡುಗರನ್ನು ಕೂಡಿಸಿ ಹಳೆಯ ಲ್ಯಾಬ್ ಯಂತ್ರದ ಮೇಲೆ ಇದನ್ನು ಮಾಡಿಸಿದೆ. ಬೆಳಿಗ್ಗೆ ಶುರು ಮಾಡಿದ್ದು ಸಂಜೆಯವರೆಗೂ ಸಾಲು ಸಾಲಾಗಿ ಓಡುತ್ತಲೇ ಇತ್ತು. ನಡುವೆ ಎರಡು ಸಲ ಕರೆಂಟು ಹೋಗಿ ಯುಪಿಎಸ್ ಚೀರಿತು. ಕೊನೆಯಲ್ಲಿ ಹೋಲಿಕೆ ಸರಿಯಾಗಿದೆ ಎಂಬ ಒಂದು ಸಾಲು ಬಂದಾಗ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು.

ಕರ್ನಾಟಕಕ್ಕೆ ಈ ಕಥೆಯಲ್ಲಿ ಜಾಗವಿದೆ, ಗಟ್ಟಿ ಜಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಕಂಪೈಲರ್ ವಿದ್ಯೆಯನ್ನು ಬಹುಕಾಲ ಕಲಿಸಿದರು. ಅವರಿಬ್ಬರು ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು. ಶ್ರೀಕಾಂತ್ ಅವರ ಪಾಠಗಳು ಎನ್‌ಪಿಟಿಇಎಲ್ ವಿಡಿಯೊಗಳಾಗಿ ನಮ್ಮಂಥ ಊರುಗಳಿಗೂ ತಲುಪಿದವು. ಅದೇ ಸಂಸ್ಥೆಯ ಉದಯ್ ಬೊಂಡುಗುಲ ಪ್ಲೂಟೊ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದವರು. ಒಂದರೊಳಗೊಂದು ಸುತ್ತುವ ಲೆಕ್ಕಗಳ ಸರದಿಯನ್ನು ಜಾಣತನದಿಂದ ಬದಲಿಸಿ, ಚಿಪ್ಪಿನ ಹತ್ತಿರದ ನೆನಪಿನಲ್ಲೇ ಆದಷ್ಟು ಕೆಲಸ ಮುಗಿಯುವಂತೆಯೂ ಹಲವು ಕೋರ್‌ಗಳು ಒಟ್ಟಿಗೆ ದುಡಿಯುವಂತೆಯೂ ಮಾಡುವ ವಿಧಾನ ಅದು. ಅದರ ಮುಖ್ಯ ಪ್ರಬಂಧ 2008ರದ್ದು. ಜಿಸಿಸಿಯ ಕೈಪಿಡಿ ತೆರೆದು ಸುತ್ತುಗಳನ್ನು ಸುಧಾರಿಸುವ ಆಯ್ಕೆಗಳ ಪುಟಕ್ಕೆ ಹೋದರೆ, ಇಂಥ ಆಯ್ಕೆ ಪ್ಲೂಟೊ ವಿಧಾನಗಳನ್ನು ಆಧರಿಸಿದೆ ಎಂದು ಹೆಸರು ಹಿಡಿದೇ ಬರೆದಿದೆ. ನನ್ನ ವಿದ್ಯಾರ್ಥಿಗಳಿಗೆ ಆ ಪುಟವನ್ನು ತಪ್ಪದೆ ತೋರಿಸುತ್ತೇನೆ. ಬೊಂಡುಗುಲ ಮುಂದೆ ಎಂಎಲ್‌ಐಆರ್ ಎಂಬ ಇನ್ನೊಂದು ಮುಕ್ತ ಕಂಪೈಲರ್ ಚೌಕಟ್ಟಿನ ಆರಂಭದ ತಂಡದಲ್ಲೂ ಇದ್ದರು. 2019ರಲ್ಲಿ ಸಾರ್ವಜನಿಕವಾದ ಅದು ಈಗ ಎಲ್‌ಎಲ್‌ವಿಎಂ ಯೋಜನೆಯ ಭಾಗ.

ಎಲ್‌ಎಲ್‌ವಿಎಂ ಜಿಸಿಸಿಯ ಪ್ರತಿಸ್ಪರ್ಧಿ. ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಅದರ ಬಳಗದ ಕಂಪೈಲರ್ ತಪ್ಪು ಇರುವ ಜಾಗದ ಕೆಳಗೆ ಬಾಣದ ಗುರುತಿಟ್ಟು ತೋರಿಸುತ್ತಿತ್ತು, ಜಿಸಿಸಿ ಸಾಲಿನ ಸಂಖ್ಯೆ ಹೇಳಿ ಸುಮ್ಮನಾಗುತ್ತಿತ್ತು. 2013ರಿಂದ ಜಿಸಿಸಿಯೂ ಬಾಣ ಹಾಕಲು ಕಲಿಯಿತು. ಈ ಪೈಪೋಟಿಯಿಂದ ಹೆಚ್ಚು ಲಾಭವಾದದ್ದು ಕಲಿಯುವ ಮಕ್ಕಳಿಗೆ.

ಈಗ ನನಗೆ ಅತ್ಯಂತ ಹತ್ತಿರದ ದುರಸ್ತಿಗೆ ಬರುತ್ತೇನೆ. ಅದು ಕನ್ನಡದ್ದು.

1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 1999ರ ಸಿ ಭಾಷೆಯ ಮಾನಕದಲ್ಲಿ, ಪ್ರೋಗ್ರಾಮಿನೊಳಗಿನ ಹೆಸರುಗಳಲ್ಲಿ ಯಾವ ಯಾವ ಲಿಪಿಯ ಅಕ್ಷರ ಬಳಸಬಹುದು ಎಂಬ ಅನುಬಂಧವಿದೆ. ಅಲ್ಲಿ ಕನ್ನಡದ ಹೆಸರೂ ಇದೆ, ಸ್ವರ, ವ್ಯಂಜನ, ಗುಣಿತದ ಚಿಹ್ನೆ, ವಿರಾಮ ಎಲ್ಲದರ ವ್ಯಾಪ್ತಿಯೊಂದಿಗೆ. ಅಂದರೆ 1999ರಿಂದಲೇ ನೀರು ಎಂಬ ಹೆಸರಿನ ಚರವನ್ನು ಸಿ ಪ್ರೋಗ್ರಾಮಿನಲ್ಲಿ ಇಡಲು ನಿಯಮದ ಅಡ್ಡಿಯಿರಲಿಲ್ಲ. ಕಂಪೈಲರ್ ಒಪ್ಪುತ್ತಿರಲಿಲ್ಲ, ಅಷ್ಟೆ.

ಒಪ್ಪದ ಬಗೆ ಹೀಗಿತ್ತು. ನೀರು ಎಂಬ ಪದ ಯುನಿಕೋಡ್‌ನಲ್ಲಿ ನಾಲ್ಕು ಸಂಕೇತ: ನ, ದೀರ್ಘದ ಚಿಹ್ನೆ, ರ, ಕೊಂಬು. ಕಡತದಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 12. ಹಳೆಯ ಜಿಸಿಸಿಗೆ ಅದು ಪದವಾಗಿ ಕಾಣುತ್ತಿರಲಿಲ್ಲ, 12 ಪರಕೀಯ ಬೈಟುಗಳಾಗಿ ಕಾಣುತ್ತಿತ್ತು. ದಾರಿ ತಪ್ಪಿ ಬಂದ 340, ದಾರಿ ತಪ್ಪಿ ಬಂದ 262, ದಾರಿ ತಪ್ಪಿ ಬಂದ 250 ಎಂದು ಬೈಟಿಗೊಂದರಂತೆ 12 ತಪ್ಪು ತೋರಿಸುತ್ತಿತ್ತು. ನಮ್ಮ ಮನೆಯ ಮಾತು ಅಲ್ಲಿ ದಾರಿ ತಪ್ಪಿದ ದನದಂತೆ ದೊಡ್ಡಿಗೆ ಬೀಳುತ್ತಿತ್ತು. ಆ ಪರದೆಯನ್ನು ಮೊದಲ ಸಲ ನೋಡಿದಾಗ ಆದ ನೋವು ನನಗೆ ಇನ್ನೂ ನೆನಪಿದೆ.

2015ರ ಏಪ್ರಿಲ್‌ನಲ್ಲಿ ಬಂದ 5ನೇ ಆವೃತ್ತಿಯಲ್ಲಿ ಅರ್ಧ ಬಾಗಿಲು ತೆರೆಯಿತು. ಅಕ್ಷರದ ಬದಲು ಅದರ ಯುನಿಕೋಡ್ ಸಂಖ್ಯೆಯನ್ನು ಓರೆಗೆರೆಯ ಗುರುತಿನೊಂದಿಗೆ ಬರೆದರೆ ತಾನಾಗಿಯೇ ಒಪ್ಪಿಕೊಳ್ಳುವಂತಾಯಿತು. ಆದರೆ ನೀರು ಎಂದು ಬರೆಯಲು 24 ಚಿಹ್ನೆ ಬೇಕು, ಬರೆದರೂ ಓದುವವರಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, ಅಕ್ಷರಗಳನ್ನು ನೇರವಾಗಿಯೇ ಬರೆಯುವಂತಾಗಬೇಕು ಎಂಬ ಬೇಡಿಕೆ 67224ನೇ ಸಂಖ್ಯೆಯಲ್ಲಿ ದೋಷಪಟ್ಟಿಗೆ ಸೇರಿತು. ವರ್ಷಗಳು ಉರುಳಿದವು. ಜಿಸಿಸಿಯ ನಿರ್ವಾಹಕರಲ್ಲಿ ಒಬ್ಬರಾದ ಜೋಸೆಫ್ ಮೈಯರ್ಸ್ ಇದಕ್ಕೆ ಏನೇನು ಆಗಬೇಕೆಂದು ವಿವರಿಸಿದ್ದರು. 2019ರಲ್ಲಿ ಕೊಡುಗೆದಾರರೊಬ್ಬರು ಅದನ್ನು ಅನುಸರಿಸಿ ತಿದ್ದುಪಡಿಯನ್ನೂ ಪರೀಕ್ಷಾ ಕಡತಗಳನ್ನೂ ಸಿದ್ಧಪಡಿಸಿದರು. ಪರಿಶೀಲನೆ ಮುಗಿದು ಅದು ಒಳಗೆ ಸೇರಿತು. 2020ರ ಮೇ 7ರಂದು 10ನೇ ಆವೃತ್ತಿ ಬಿಡುಗಡೆಯಾದಾಗ, ಬದಲಾವಣೆಗಳ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಚಿಕ್ಕ ಟಿಪ್ಪಣಿ. ಕನ್ನಡ ಎಂಬ ಹೆಸರು ಅದರಲ್ಲಿ ಇರಲಿಲ್ಲ. ಕನ್ನಡಕ್ಕೆಂದು ಮಾಡಿದ್ದೂ ಅಲ್ಲ. ಎಲ್ಲ ಲಿಪಿಗಳಿಗೂ ಒಟ್ಟಿಗೆ ತೂಬು ಎತ್ತಿದರು, ನೀರು ನಮ್ಮ ಹೊಲಕ್ಕೂ ಬಂತು.

ಆ ಬೇಸಿಗೆಯಲ್ಲಿ ಕೋವಿಡ್‌ನಿಂದ ಕಾಲೇಜು ಮುಚ್ಚಿತ್ತು. ಮನೆಯಲ್ಲೇ ಹೊಸ ಆವೃತ್ತಿ ಹಾಕಿಕೊಂಡು, ಒಳಹರಿವು, ಹೊರಹರಿವು, ಸಂಗ್ರಹ ಎಂದು ಮೂರು ಹೆಸರಿಟ್ಟು ಹತ್ತು ಸಾಲು ಬರೆದೆ. ಒಂದೂ ತಪ್ಪಿಲ್ಲದೆ ಓಡಿತು. ಅಡುಗೆಮನೆಯಲ್ಲಿದ್ದ ಅವ್ವನನ್ನು ಕರೆದು ತೋರಿಸಿದೆ. ಕಂಪ್ಯೂಟರ್ ಪರದೆಯ ಮೇಲೆ ಅವಳು ಪೂರ್ತಿ ಓದಿದ ಮೊದಲ ಪ್ರೋಗ್ರಾಮು ಅದು.

ಸುಧಾರಣೆ ಯಾವಾಗಲೂ ಹಿತವಾಗಿರುವುದಿಲ್ಲ. 2024ರ ಮೇ ತಿಂಗಳಲ್ಲಿ ಬಂದ 14ನೇ ಆವೃತ್ತಿ, ಹಿಂದೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದ ಕೆಲವು ಹಳೆಯ ಅಭ್ಯಾಸಗಳನ್ನು ತಪ್ಪು ಎಂದೇ ನಿಲ್ಲಿಸತೊಡಗಿತು. ಘೋಷಿಸದೆಯೇ ಒಂದು ಕಾರ್ಯವನ್ನು ಕರೆಯುವುದು ಅದರಲ್ಲಿ ಒಂದು. ನಮ್ಮ ಪ್ರಯೋಗ ಪುಸ್ತಕದ ಎಷ್ಟೋ ಪ್ರೋಗ್ರಾಮುಗಳು ಒಂದೇ ದಿನದಲ್ಲಿ ಬಿದ್ದವು. ಆದರೆ ಈ ಬದಲಾವಣೆಗೆ ಮುನ್ನ ನಿರ್ವಾಹಕರು ಮತ್ತು ಫೆಡೋರಾ ಲಿನಕ್ಸ್‌ನವರು, ಯಾವ ಹಳೆಯ ತಂತ್ರಾಂಶಗಳು ಇದರಿಂದ ಕೆಡುತ್ತವೆ ಎಂದು ಹುಡುಕಿ ಒಂದೊಂದನ್ನೂ ತಿದ್ದುವ ಕೆಲಸವನ್ನು ಬಹಳ ದಿನ ಮಾಡಿದ್ದರು. ಕಾಲುವೆಗೆ ಕಾಂಕ್ರೀಟು ಹಾಕುವ ಮೊದಲು ಕೆಳಗಿನ ಊರುಗಳಿಗೆ ಹೋಗಿ ಹೇಳಿ ಬರುವಂಥ ಕೆಲಸ. ನಾವೂ ಎರಡು ವಾರ ಕೂತು ಪ್ರಯೋಗ ಪುಸ್ತಕ ತಿದ್ದಿದೆವು. ಅದು ತಿದ್ದಬೇಕಾದದ್ದೇ ಆಗಿತ್ತು.

ಕನ್ನಡದ ಕೆಲಸವೂ ಮುಗಿದಿಲ್ಲ. ಸಿ++ನ ಹೊಸ ಮಾನಕ ಹೆಸರುಗಳ ನಿಯಮವನ್ನು ಯುನಿಕೋಡ್‌ನ ಪಟ್ಟಿಗೆ ಕಟ್ಟಿಹಾಕಿದೆ. ಕಣ್ಣಿಗೆ ಕಾಣದ ಅಕ್ಷರಗಳಿಂದ ಮೋಸ ನಡೆಯಬಾರದು ಎಂಬ ಕಾಳಜಿಯಿಂದ, ಅಕ್ಷರಗಳನ್ನು ಬಿಡಿಸುವ ಮತ್ತು ಕೂಡಿಸುವ ಶೂನ್ಯ ಅಗಲದ ಚಿಹ್ನೆಗಳನ್ನು ಹೊರಗಿಟ್ಟಿದೆ. ಕಾಳಜಿ ಸರಿಯಾದದ್ದೇ. ಆದರೆ ಕನ್ನಡದಲ್ಲಿ ಆ ಬಿಡಿಸುವ ಚಿಹ್ನೆ ಇಲ್ಲದಿದ್ದರೆ ಅರ್ಧಾಕ್ಷರದ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿಯುತ್ತದೆ. ಎರವಲು ಪದಗಳಿಗೆ ನಮ್ಮ ಪ್ರತ್ಯಯ ಸೇರಿಸುವಾಗೆಲ್ಲ ಇದು ಬೇಕು.

ಮೊನ್ನೆ ಲ್ಯಾಬಿನಲ್ಲಿ ಡ್ಯಾಮಿನ ಲೆಕ್ಕವನ್ನೇ ಸಿ++ನಲ್ಲಿ ಬರೆಯಲು ಕೊಟ್ಟಿದ್ದೆ, ನಿಯಮ ಕಟ್ಟುನಿಟ್ಟಾಗಿ ನೋಡುವ ಆಯ್ಕೆ ಹಾಕಿ. ಸಂಡೂರಿನಿಂದ ಬರುವ ಹುಡುಗಿಯೊಬ್ಬಳು ಮೊದಲ ಚರಕ್ಕೆ ಗೇಟ್‌ಗಳು ಎಂದು ಹೆಸರಿಟ್ಟಳು. ಕಂಪೈಲರ್ ತಕರಾರು ತೆಗೆಯಿತು. ಟ್ ಮತ್ತು ಗ ನಡುವೆ ಕಾಣದ ಚಿಹ್ನೆಯೊಂದು ಕೂತಿದೆ ಎಂದು ತೋರಿಸಿದೆ. ಅದನ್ನು ಅಳಿಸಿದಳು, ಗೇಟ್ಗಳು ಎಂದಾಯಿತು. ಪರದೆಯನ್ನು ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದಳು.

"ನಮ್ ಕಡಿ ಯಾರೂ ಗೇಟ್ ಅನ್ನಂಗಿಲ್ರಿ ಸರ್, ಗೇಟು ಅಂತಾರ್ರಿ" ಎಂದು, ಗೇಟುಗಳು ಎಂದು ಬರೆದಳು. ಮುಂದೆ 33 ಹಾಕಿ ಎಂಟರ್ ಒತ್ತಿದಳು. ಕಂಪೈಲರ್ ಏನೂ ಅನ್ನಲಿಲ್ಲ. ಮುಂದಿನ ಸಾಲು ಬರೆಯಲು ಕರ್ಸರ್ ಮಿನುಗುತ್ತಿತ್ತು.